ಶಾಸಕರು ‘ಆಯ್ತು’ ಅಂದಮೇಲೆ ಬರೆಯಬೇಕಾದ ಕಾಗದ

ಪುಟ್ಟಿ,

ನಿನ್ನೆ ಸಂಜೆ ಪ್ರವಾಸಿ ಮಂದಿರದಿಂದ ಸೀದಾ ನಮ್ಮ ಅಂಗಳಕ್ಕೇ ಬಂದು, ಚಪ್ಪಲಿ ಬಿಡುವ ಮೊದಲೇ ‘ಮಾವ, ಶಾಸಕರು ಆಯ್ತು ಅಂದ್ರು’ ಅಂದೆಯಲ್ಲ, ಆ ಸಂತೋಷಕ್ಕೆ ತಣ್ಣೀರೆರಚಬಾರದೆಂದು ಕಾಫಿ ಕುಡಿಸಿ ಸುಮ್ಮನೆ ಕಳಿಸಿದೆ. ರಾತ್ರಿ ನಿನ್ನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಊರಿನ ಒಂಬತ್ತು ಜನ, ನಡುವೆ ಶಾಸಕರು, ಹಳ್ಳಕ್ಕೆ ಕಾಲುಸಂಕ ಬೇಕೆಂಬ ಮನವಿಯ ಒಂದು ತುದಿ ನಿನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಚಂದದ ಫೋಟೋ. ಆದರೆ ನನ್ನ ಕಣ್ಣು ಹೋದದ್ದು ಅವರ ಹಿಂದೆ ನಿಂತಿದ್ದ ಆಪ್ತ ಸಹಾಯಕರ ಕಂಕುಳಿಗೆ. ಅಲ್ಲಿ ಆಗಲೇ ಹತ್ತು ಹದಿನೈದು ಮನವಿಗಳಿದ್ದವು. ಫೋಟೋ ತೆಗೆದ ಮರುಕ್ಷಣ ನಿಮ್ಮದೂ ಅಲ್ಲಿಗೇ ಸೇರಿರುತ್ತದೆ.

ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನು, ಅದರಲ್ಲಿ ಹನ್ನೊಂದು ವರ್ಷ ಟಪಾಲು ಮೇಜಿನಲ್ಲಿ. ಮೇಜಿನ ಆ ಬದಿಯಲ್ಲಿ ಕೂತು ಕಲಿತದ್ದನ್ನು ಹೇಳುತ್ತೇನೆ, ಕೇಳು. ಭೇಟಿಯಲ್ಲಿ ಅವರು ಏನು ಹೇಳಿದರೋ ಅದನ್ನು ನೀನೇ ಒಂದು ಹಾಳೆಯಲ್ಲಿ ಬರೆದು, ಎರಡು ಮೂರು ದಿನದೊಳಗೆ ಅವರಿಗೇ ತಲುಪಿಸು. ಮನವಿಯಲ್ಲಿರುವುದು ನೀವು ಕೇಳಿದ್ದು. ಈ ಎರಡನೇ ಕಾಗದದಲ್ಲಿರಬೇಕಾದ್ದು ಅವರು ಒಪ್ಪಿದ್ದು. ಮೊದಲನೆಯದನ್ನು ಎಲ್ಲ ಊರಿನವರೂ ಕೊಡುತ್ತಾರೆ. ಎರಡನೆಯದನ್ನು ಬರೆದವರನ್ನು ನಾನು ಅಷ್ಟು ವರ್ಷದಲ್ಲಿ ನೋಡಿದ್ದು ಬೆರಳೆಣಿಕೆಯಷ್ಟೇ.

ಇದನ್ನು ನಾನು ಕಚೇರಿಯಲ್ಲಿ ಕಲಿತೆ ಅಂದೆ. ಪೂರ್ತಿ ನಿಜವಲ್ಲ, ಮೊದಲ ಪೆಟ್ಟು ಬಿದ್ದದ್ದು ಊರಿನಲ್ಲೇ. ನಿನ್ನಷ್ಟು ವಯಸ್ಸಿದ್ದಾಗ ನಾನೂ ಇದೇ ಹಳ್ಳಕ್ಕೆ ಇದೇ ಸಂಕ ಕೇಳಲು ಹೋಗಿದ್ದೆ. ಅಂದಿನ ಜನಪ್ರತಿನಿಧಿ ನಮ್ಮೂರಿನ ಮದುವೆಗೆ ಬಂದಿದ್ದರು. ಊಟದ ಪಂಕ್ತಿ ಮುಗಿದು ಕೈ ತೊಳೆಯುವಾಗ ಹಿಡಿದೆವು. ‘ಈ ವರ್ಷವೇ ಮಾಡಿಸಿಕೊಡ್ತೀನಿ’ ಅಂದರು. ನಾಲ್ಕು ಜನ ಸಾಕ್ಷಿ. ನಾವು ಹಿಗ್ಗಿ ಮನೆಗೆ ಬಂದು, ಆ ಬೇಸಿಗೆಯಲ್ಲಿ ಅಡಿಕೆ ಮರದ ಸಂಕ ಕಟ್ಟುವುದನ್ನೂ ಕೈಬಿಟ್ಟೆವು. ಹೇಗಿದ್ದರೂ ಸಿಮೆಂಟಿನದು ಬರುತ್ತದಲ್ಲ! ಆರಿದ್ರಾ ಮಳೆ ಹಿಡಿಯಿತು, ಹಳ್ಳ ತುಂಬಿತು, ಆಚೆ ಕೇರಿಯ ಮಕ್ಕಳು ಆ ಮಳೆಗಾಲವಿಡೀ ಶಾಲೆ ಬಿಟ್ಟರು. ಆಮೇಲೆ ಚುನಾವಣೆ ಬಂತು, ಬೇರೆಯವರು ಗೆದ್ದರು. ಅವರ ಬಳಿ ಹೋದಾಗ ಕೇಳಿದ್ದು ಒಂದೇ ಪ್ರಶ್ನೆ: ‘ಹಿಂದಿನವರಿಗೆ ಏನಾದರೂ ಬರೆದು ಕೊಟ್ಟಿದ್ದೀರಾ? ನಂಬರ್ ಇದೆಯಾ?’ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಇದ್ದ ನಾಲ್ಕು ಸಾಕ್ಷಿಗಳಲ್ಲಿ ಇಬ್ಬರು, ಅಂದು ಹೇಳಿದ್ದು ಸಂಕದ ವಿಷಯವೋ ರಸ್ತೆಯ ವಿಷಯವೋ ಎಂದು ತಮ್ಮಲ್ಲೇ ವಾದಕ್ಕಿಳಿದರು.

ಮಾತು ಕೊಟ್ಟ ಆ ಜನಪ್ರತಿನಿಧಿ ಸುಳ್ಳು ಹೇಳಿದರೆಂದು ನಾನು ಇವತ್ತಿಗೂ ಅನ್ನುವುದಿಲ್ಲ. ಮರೆತರು. ದಿನಕ್ಕೆ ಮದುವೆ, ತಿಥಿ, ಗುದ್ದಲಿ ಪೂಜೆ, ಜಗಳದ ಪಂಚಾಯಿತಿ ಎಂದು ಹತ್ತು ಊರು ತಿರುಗುವ ಮನುಷ್ಯ ಒಂದು ಹಳ್ಳದ ಹೆಸರನ್ನು ಎಷ್ಟು ದಿನ ನೆನಪಿಟ್ಟುಕೊಂಡಾನು? ಮರೆಯದಂತೆ ನೋಡಿಕೊಳ್ಳುವ ಕೆಲಸ ನಮ್ಮದಾಗಿತ್ತು.

ಇದು ಸಣ್ಣ ಊರಿನ, ಸಣ್ಣ ಮನುಷ್ಯರ ಪಾಡು ಮಾತ್ರ ಅಂದುಕೊಳ್ಳಬೇಡ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು, ನೆನಪಿದೆಯಾ? ಮುಖ್ಯಮಂತ್ರಿಗಳ ಜೊತೆ ಮಾತುಕತೆಯಾಗಿ, ಏಪ್ರಿಲ್‌ನಿಂದ ತಿಂಗಳಿಗೆ 10,000 ರೂಪಾಯಿ ಖಾತರಿ ಎಂಬ ಭರವಸೆ ಸಿಕ್ಕಿತು. ಚಪ್ಪಾಳೆ ತಟ್ಟಿ ಊರಿಗೆ ಮರಳಿದವರು ಆಗಸ್ಟಿನಲ್ಲಿ ಮತ್ತೆ ಬೀದಿಗೆ ಬರಬೇಕಾಯಿತು. ಕೊಟ್ಟ ಮಾತಿನ ಪ್ರಕಾರ ಸರ್ಕಾರಿ ಆದೇಶ ಹೊರಡಿಸಿ ಎಂಬುದೇ ಅವರ ಕೂಗು. ರಾಜ್ಯದ ಜಿಲ್ಲೆ ಜಿಲ್ಲೆಯಲ್ಲೂ ಸಂಘಟನೆ ಇರುವವರಿಗೇ ಮಾತಿನಿಂದ ಕಾಗದಕ್ಕೆ ದಾಟುವ ಹಾದಿ ಇಷ್ಟು ಉದ್ದವಾದರೆ, ಒಂಬತ್ತು ಜನದ ನಮ್ಮ ಗುಂಪಿಗೆ ಹೇಗಿರಬೇಡ.

ಈಗ ಬರೆಯುವ ಮಾತಿಗೆ ಬರೋಣ. ಪೆನ್ನು ಹಿಡಿಯುವ ಮೊದಲು ಒಂದು ಕೆಲಸವಿದೆ. ನಿನ್ನ ಜೊತೆ ಬಂದ ಎಂಟೂ ಜನರನ್ನು ಕೂರಿಸಿಕೊಂಡು, ಶಾಸಕರು ಆಡಿದ ಮಾತು ಯಥಾವತ್ತು ಏನು ಎಂದು ಕೇಳು. ಅವರ ‘ಆಯ್ತು’ಗಳಲ್ಲಿ ಹತ್ತು ಬಗೆ ಇರುತ್ತವೆ. ‘ನೋಡೋಣ’ ಅಂದರೆ ಬಹುಮಟ್ಟಿಗೆ ಇಲ್ಲ ಎಂದೇ, ಮುಖ ಮುರಿಯಲಾರದೆ ಹೇಳಿದ್ದು. ‘ಮಾಡೋಣ’ ಅಂದರೆ ಮನಸ್ಸಿದೆ, ದಾರಿ ಗೊತ್ತಿಲ್ಲ. ‘ಪಿ.ಎ. ಹತ್ರ ಕೊಟ್ಟು ಹೋಗಿ’ ಅಂದರೆ ಇನ್ನೂ ತೀರ್ಮಾನವಾಗಿಲ್ಲ. ‘ಇಂಜಿನಿಯರ್‌ಗೆ ಹೇಳ್ತೀನಿ, ಎಸ್ಟಿಮೇಟ್ ಮಾಡ್ಲಿ’ ಅಂದರೆ ಅದು ಚಿನ್ನ. ಅದರಲ್ಲಿ ಯಾರು, ಏನು ಮಾಡಬೇಕು ಎಂಬುದಿದೆ. ನಿಮಗೆ ಸಿಕ್ಕಿದ್ದು ಈ ಕೊನೆಯ ಬಗೆ, ಅದು ನಿಮ್ಮ ಪುಣ್ಯ. ಆದರೆ ಎಸ್ಟಿಮೇಟ್ ಮಾಡಿಸುತ್ತೇನೆ ಅಂದದ್ದನ್ನು ‘ಸಂಕ ಮಂಜೂರು ಮಾಡುವುದಾಗಿ ಭರವಸೆ ನೀಡಿದ್ದೀರಿ’ ಎಂದು ಬರೆದೆಯೋ, ಕೆಟ್ಟಿತು. ಆಡದ ಮಾತನ್ನು ಕಾಗದದಲ್ಲಿ ಕಂಡ ಕೂಡಲೇ ಅವರು ಹುಷಾರಾಗುತ್ತಾರೆ, ಮುಂದೆ ನಿನ್ನೆದುರು ಬಾಯಿ ಬಿಡುವಾಗಲೇ ಅಳೆದು ತೂಗುತ್ತಾರೆ. ಅವರು ಒಂದು ಹೆಜ್ಜೆ ಇಟ್ಟಿದ್ದರೆ ಒಂದೇ ಹೆಜ್ಜೆ ಎಂದು ಬರಿ.

ಕಾಗದ ಹೀಗಿದ್ದರೆ ಸಾಕು, ನಾನು ನಿನಗಾಗಿ ಕರಡು ಹಾಕಿದ್ದೇನೆ:

‘ಮಾನ್ಯರೇ,

ವಿಷಯ: ನಮ್ಮ ಗ್ರಾಮದ ಹಳ್ಳಕ್ಕೆ ಕಾಲುಸಂಕ ನಿರ್ಮಿಸುವ ಬಗ್ಗೆ.

ಉಲ್ಲೇಖ: ದಿನಾಂಕ 12ರಂದು ಪ್ರವಾಸಿ ಮಂದಿರದಲ್ಲಿ ತಮಗೆ ಸಲ್ಲಿಸಿದ ಮನವಿ.

ತಿರುಗಾಟದ ನಡುವೆಯೂ ನಮ್ಮ ಅಹವಾಲು ಆಲಿಸಿದ್ದಕ್ಕೆ ಗ್ರಾಮಸ್ಥರೆಲ್ಲರ ವಂದನೆಗಳು. ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ತಯಾರಿಸುವಂತೆ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೆ ಸೂಚಿಸುವುದಾಗಿ ತಾವು ತಿಳಿಸಿದಿರಿ. ತಾವು ಕೇಳಿದ್ದ ವಿವರ: ಹಳ್ಳದ ಆಚೆಗಿರುವ ಮನೆಗಳು 23, ಅಲ್ಲಿಂದ ಶಾಲೆಗೆ ಬರುವ ಮಕ್ಕಳು 17. ಜಾಗದ ಪಹಣಿ ಮತ್ತು ಹಳ್ಳದ ಎರಡು ಫೋಟೋ ಲಗತ್ತಿಸಿದೆ. ಇಂಜಿನಿಯರ್ ಅವರಿಗೆ ತಾವು ಬರೆಯುವ ಪತ್ರದ ಒಂದು ಪ್ರತಿ ಕೊಟ್ಟರೆ, ಅವರು ಸ್ಥಳಕ್ಕೆ ಬರುವ ದಿನ ನಾವು ಹಾಜರಿರುತ್ತೇವೆ.’

ಅಷ್ಟೇ. ಕೆಳಗೆ ಇಬ್ಬರ ಸಹಿ, ಒಂದು ಫೋನ್ ನಂಬರ್. ಮೂವತ್ತು ಜನರ ಸಹಿ ಮನವಿಗೆ ಬೇಕು, ಇದಕ್ಕೆ ಬೇಡ. ಯಾರಿಗೆ ಫೋನ್ ಮಾಡಬೇಕು ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ‘ದಯಪಾಲಿಸಬೇಕಾಗಿ ತಮ್ಮ ಪಾದಾರವಿಂದಗಳಲ್ಲಿ’ ಎಂಬ ಧಾಟಿಯೂ ಬೇಡ, ‘ತಪ್ಪಿದಲ್ಲಿ ಉಗ್ರ ಹೋರಾಟ’ ಎಂಬ ಧಾಟಿಯೂ ಬೇಡ. ಒಂದರಲ್ಲಿ ನೀನು ಭಿಕ್ಷುಕಿ, ಇನ್ನೊಂದರಲ್ಲಿ ವೈರಿ. ಎರಡೂ ಅಲ್ಲದ ಜಾಗವೊಂದಿದೆ. ಮತದಾರಳ ಜಾಗ ಅದು, ಅಲ್ಲಿ ನಿಂತು ಬರಿ.

ಒಂದು ಕಾಗದಕ್ಕೆ ಒಂದೇ ವಿಷಯವಿರಲಿ. ಏಕೆ ಅಂತೀಯಾ? ನನ್ನ ಮೇಜಿಗೆ ಬಂದ ಒಂದು ಪತ್ರ ಕಣ್ಣಿಗೆ ಕಟ್ಟಿದಂತಿದೆ. ಆರು ಪುಟ, ಮುತ್ತಿನಂಥ ಅಕ್ಷರ, ಏಳು ಬೇಡಿಕೆ: ಸಂಕ, ಬಸ್ಸು, ಶಾಲೆಗೆ ಮೇಷ್ಟ್ರು, ಟ್ರಾನ್ಸ್‌ಫಾರ್ಮರ್, ಮಂಗನ ಕಾಟ, ಸ್ಮಶಾನದ ಜಾಗ, ಪಡಿತರ. ಏಳು ಬೇಡಿಕೆ ಅಂದರೆ ಏಳು ಕಚೇರಿ. ಟಪಾಲು ಗುಮಾಸ್ತ ಅದನ್ನು ಯಾವ ಶಾಖೆಗೆ ಗುರುತು ಹಾಕಬೇಕು? ಮೊದಲ ಪುಟದಲ್ಲಿದ್ದ ವಿಷಯದ ಶಾಖೆಗೆ ಹೋಯಿತು. ಅಲ್ಲಿಯವರು ‘ಉಳಿದ ಅಂಶಗಳು ನಮಗೆ ಸಂಬಂಧಿಸಿಲ್ಲ’ ಎಂದು ಷರಾ ಬರೆದು ವಾಪಸು ಕಳಿಸಿದರು. ಹೀಗೆ ಮೂರು ಮೇಜು ಸುತ್ತಿ ಸೊರಗಿತು. ಅದೇ ವಾರ ಇನ್ನೊಬ್ಬರದು ಎಂಟು ಸಾಲಿನ ಕಾಗದ ಬಂದಿತ್ತು, ಉಲ್ಲೇಖದಲ್ಲಿ ಹಿಂದಿನ ಪತ್ರದ ತಾರೀಕು ಸಮೇತ. ಮಧ್ಯಾಹ್ನದ ಊಟಕ್ಕೆ ಏಳುವಷ್ಟರಲ್ಲಿ ಅದು ಸಂಬಂಧಪಟ್ಟ ಕಡತಕ್ಕೆ ಸೇರಿಯಾಗಿತ್ತು. ನಾವು ಆ ಮನುಷ್ಯನಿಗೆ ಉಪಕಾರ ಮಾಡಿದ್ದೇನೂ ಅಲ್ಲ, ಅವನು ನಮ್ಮ ಕೆಲಸ ಹಗುರ ಮಾಡಿದ್ದ.

ಶಾಸಕರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದೂ ನಿನಗೆ ತಿಳಿದಿರಬೇಕು. ಸಂಕಕ್ಕೆ ಅವರೇ ಹಣ ಎಣಿಸಿ ಕೊಡುವುದಿಲ್ಲ. ಸ್ಥಳೀಯ ಪ್ರದೇಶಾಭಿವೃದ್ಧಿ ಅನುದಾನವೆಂದು ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಅದು ಇಡೀ ಕ್ಷೇತ್ರಕ್ಕೆ. ಯಾವ ಕಾಮಗಾರಿ ಎಂದು ಅವರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಕೊಡುವುದು ಜಿಲ್ಲಾಧಿಕಾರಿ. ಅದರಲ್ಲಿ ಜಾಗವಿಲ್ಲದಿದ್ದರೆ ಬೇರೆ ಬಾಗಿಲುಗಳಿವೆ. ಶಿವಮೊಗ್ಗದಲ್ಲಿ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಲೋಕೋಪಯೋಗಿ ಇಲಾಖೆ ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಶಾಲೆಯ ಮಕ್ಕಳಿಗಾಗಿಯೇ ಕಿರುಸೇತುವೆ ಕಟ್ಟಿಸಿದ್ದಿದೆ. ಹಾಗಾಗಿ ಹದಿನೇಳು ಮಕ್ಕಳು ಎಂಬ ಆ ಅಂಕಿ ಕಾಗದದಲ್ಲಿ ಇರಲೇಬೇಕು. ಯಾವ ಬಾಗಿಲು ತಟ್ಟಿದರೂ ಮೊದಲು ಕೇಳುವುದು ಅಂದಾಜು ಪಟ್ಟಿಯನ್ನೇ. ಹಳ್ಳದ ದಂಡೆ ಅರಣ್ಯಕ್ಕೆ ಸೇರಿದ್ದೋ ಕಂದಾಯಕ್ಕೋ ಎಂಬ ಪ್ರಶ್ನೆಯೂ ಅಲ್ಲಿಯೇ ಏಳುತ್ತದೆ. ಅರಣ್ಯವಾದರೆ ಇನ್ನೊಂದು ಇಲಾಖೆಯ ಅನುಮತಿ, ಇನ್ನೊಂದು ಕಾಲಾವಧಿ. ಪಹಣಿ ಲಗತ್ತಿಸು ಅಂದದ್ದು ಇದಕ್ಕೆ.

ಕಾಗದವನ್ನು ಎರಡು ಪ್ರತಿ ಮಾಡು. ಶಾಸಕರ ಕಚೇರಿಗೆ ನೀನೇ ಹೋಗಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಪಡೆದವರ ಸಹಿ ಹಾಕಿಸಿಕೊ. ಕೇಳಲು ಸಂಕೋಚಪಡಬೇಡ; ‘ನಮ್ಮ ಊರಿನವರಿಗೆ ತೋರಿಸಬೇಕು ಸರ್’ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಹೋಗಲು ಆಗದಿದ್ದರೆ ಅಂಚೆ. ರಿಜಿಸ್ಟರ್ಡ್ ಪೋಸ್ಟ್ ಎಂಬುದು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು, ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ರಸೀದಿಯನ್ನು ಪ್ರತಿಗೆ ಅಂಟಿಸಿಡು. ವಾಟ್ಸಾಪಿನಲ್ಲೂ ಒಂದು ಫೋಟೋ ಕಳಿಸು, ತಪ್ಪೇನಿಲ್ಲ. ಆದರೆ ಅದೇ ಸಾಕು ಅಂದುಕೊಳ್ಳಬೇಡ. ನೀಲಿ ಗೆರೆ ಎರಡು ಬಿದ್ದ ಮಾತ್ರಕ್ಕೆ ಕಡತ ಹುಟ್ಟುವುದಿಲ್ಲ.

ಆಪ್ತ ಸಹಾಯಕರ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮವರು ಶಾಸಕರಿಗೆ ಹಾರ ಹಾಕಿ ಪಿ.ಎ.ಗೆ ಬೆನ್ನು ಹಾಕುತ್ತಾರೆ. ಶಾಸಕರ ಲೆಟರ್‌ಹೆಡ್ಡಿನಲ್ಲಿ ಇಂಜಿನಿಯರ್‌ಗೆ ಹೋಗುವ ಆ ನಾಲ್ಕು ಸಾಲನ್ನು ಟೈಪು ಮಾಡುವವರು ಅವರೇ. ಅವರ ಹೆಸರು ಕೇಳಿ ಬರೆದುಕೊ. ಹೋದಾಗ ಐದು ನಿಮಿಷ ಕೂತು, ‘ಸರ್, ಇಂಜಿನಿಯರ್ ಕಚೇರಿಗೆ ಪತ್ರ ಹೋದಾಗ ನಂಬರ್ ಒಂದು ಹೇಳಿದರೆ ಉಪಕಾರ’ ಅನ್ನು. ಆ ನಂಬರು ಕೈಗೆ ಬಂದ ದಿನದಿಂದ ನಿನ್ನ ಸಂಕ ನಿಜವಾಗಿ ಸರ್ಕಾರದೊಳಗೆ ಕಾಲಿಟ್ಟ ಹಾಗೆ.

ಆಮೇಲೆ ಕಾಯಬೇಕು. ಎಷ್ಟು ದಿನ? ಮೂರು ವಾರ ಬಿಟ್ಟು ಒಂದು ನೆನಪೋಲೆ ಬರಿ. ಕಚೇರಿಯಲ್ಲಿ ನಾವು ಬಳಸುತ್ತಿದ್ದ ಈ ಪದ ನನಗೆ ಬಹಳ ಇಷ್ಟ. ಇಂಗ್ಲಿಷಿನಲ್ಲಿ ರಿಮೈಂಡರ್ ಅಂದರೆ ಬಾಕಿ ವಸೂಲಿಯ ವಾಸನೆ, ನೆನಪೋಲೆಯಲ್ಲಿ ಆ ಕಹಿ ಇಲ್ಲ. ಅದರಲ್ಲಿ ಹೊಸ ಬೇಡಿಕೆ ಸೇರಿಸಬೇಡ, ಹೊಸ ಸಿಟ್ಟನ್ನೂ ಸೇರಿಸಬೇಡ. ಹಿಂದಿನ ಪತ್ರದ ತಾರೀಕು ಹಾಕಿ, ‘ಇಲ್ಲಿಯವರೆಗೆ ಸ್ಥಳ ಪರಿಶೀಲನೆ ಆಗಿರುವುದಿಲ್ಲ’ ಎಂಬ ಒಂದು ವಾಕ್ಯ, ‘ಮಳೆಗಾಲಕ್ಕೆ ಮುನ್ನ ಕಾಮಗಾರಿ ಮುಗಿಯಲು ಈಗಲೇ ಅಂದಾಜು ಪಟ್ಟಿ ಅಗತ್ಯ’ ಎಂಬ ಇನ್ನೊಂದು. ಸಾಕು.

ಬರೆಯುವ ಹೊತ್ತನ್ನೂ ನೋಡಿಕೊ. ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲಿ ತಾಲ್ಲೂಕಿನ ಕೆಡಿಪಿ ಸಭೆ, ಅಂದರೆ ಪ್ರಗತಿ ಪರಿಶೀಲನಾ ಸಭೆ, ನಡೆಯುತ್ತದೆ. ಎಲ್ಲ ಇಲಾಖೆಯ ಅಧಿಕಾರಿಗಳೂ ಅಲ್ಲಿ ಎದುರಿಗೇ ಕೂತಿರುತ್ತಾರೆ. ಸಭೆಗೆ ನಾಲ್ಕು ದಿನ ಮೊದಲು ನೆನಪೋಲೆ ತಲುಪಿದರೆ, ಶಾಸಕರು ಅಲ್ಲೇ ‘ಏನ್ರೀ ಆ ಸಂಕದ್ದು?’ ಎಂದು ಕೇಳಿಯಾರು. ಇಂಜಿನಿಯರ್ ಎದ್ದು ನಿಂತು ಉತ್ತರ ಕೊಡಬೇಕಾಗುತ್ತದೆ. ನೀನು ಹತ್ತು ಸಲ ಅವರ ಕಚೇರಿಗೆ ಅಲೆದರೂ ಆಗದ್ದು ಆ ಒಂದು ಪ್ರಶ್ನೆಯಲ್ಲಿ ಆಗಬಹುದು. ಹಾಗೆಯೇ ಯಾವುದಾದರೂ ಚುನಾವಣೆಯ ನೀತಿ ಸಂಹಿತೆ ಜಾರಿಯಾದರೆ ಹೊಸ ಕಾಮಗಾರಿಗಳೆಲ್ಲ ನಿಂತ ಜಾಗದಲ್ಲೇ ನಿಲ್ಲುತ್ತವೆ. ಆಗ ಬರೆದು ಪ್ರಯೋಜನವಿಲ್ಲ, ಅದಕ್ಕೆ ಮೊದಲೇ ಬರಿ.

ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಕೂರುವುದು ವಾಡಿಕೆ. ನಮ್ಮೊಬ್ಬರ ಹಳ್ಳಕ್ಕೆ ಸದನದಲ್ಲಿ ಜಾಗ ಸಿಗಲಾರದು. ಆದರೆ ಜಿಲ್ಲೆಯ ಎಲ್ಲ ಹಳ್ಳಗಳ ಪ್ರಶ್ನೆಯಾಗಿ ಕೇಳಿದರೆ? ಶಾಸಕರಿಗೆ ‘ಸದನದಲ್ಲಿ ಮಾತಾಡಿ’ ಎಂದು ಬರೆಯುವ ಬದಲು ಪ್ರಶ್ನೆಯನ್ನೇ ಬರೆದು ಕೊಡು. ಅದಕ್ಕೊಂದು ಅಚ್ಚು ಇದೆ: ‘ಅ) ಮಳೆಗಾಲದಲ್ಲಿ ಜಿಲ್ಲೆಯ ಶಾಲಾ ಮಕ್ಕಳು ಕಾಲುಸಂಕಗಳಿಲ್ಲದೆ ತೊಂದರೆ ಅನುಭವಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಆ) ಬಂದಿದ್ದಲ್ಲಿ, ತಾಲ್ಲೂಕುವಾರು ಎಷ್ಟು ಕಾಲುಸಂಕಗಳ ಅಗತ್ಯವನ್ನು ಗುರುತಿಸಲಾಗಿದೆ, ಇ) ಅವುಗಳನ್ನು ಯಾವ ಕಾಲಮಿತಿಯಲ್ಲಿ ನಿರ್ಮಿಸಲಾಗುವುದು? (ವಿವರ ನೀಡುವುದು)’. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಮೇಲುಪ್ರಶ್ನೆಗೂ ಅವಕಾಶವಿದೆ. ಚುಕ್ಕೆ ಗುರುತಿಲ್ಲದ್ದಾದರೆ ಲಿಖಿತ ಉತ್ತರ ಮಾತ್ರ. ನಮಗೆ ಎರಡೂ ಒಳ್ಳೆಯದೇ. ಸಚಿವರು ಅಲ್ಲಿ ‘ಮಾಡುತ್ತೇವೆ’ ಅಂದರೆ ಅದು ಮದುವೆ ಮನೆಯಲ್ಲಿ ಕೈ ತೊಳೆಯುವಾಗ ಆಡಿದ ಮಾತಲ್ಲ. ಅಂಥ ಮಾತುಗಳು ಏನಾದವು ಎಂದು ಬೆನ್ನುಹತ್ತಿ ನೋಡಲು ಭರವಸೆಗಳ ಸಮಿತಿ ಎಂಬುದೇ ಇದೆ. ವಿಧಾನಸಭೆಯ 224 ಜನರಲ್ಲಿ ನಮಗೆ ಒಬ್ಬರೇ ಶಾಸಕರಾದರೂ, ಪರಿಷತ್ತಿನ 75ರಲ್ಲಿ ನಮ್ಮ ಗ್ರಾಮ ಪಂಚಾಯಿತಿ ಸದಸ್ಯರ ಓಟಿನಿಂದಲೇ ಗೆದ್ದವರೂ ಇದ್ದಾರೆ. ಅವರಿಗೂ ಇದೇ ಪ್ರಶ್ನೆಯ ಪ್ರತಿ ಹೋಗಲಿ. ಆದರೆ ಮೊದಲು ನಮ್ಮ ಶಾಸಕರಿಗೆ ಹೇಳಿ, ಆಮೇಲೆ. ಹಿಂದಿನಿಂದ ಗೊತ್ತಾಯಿತೆಂದರೆ ನೊಂದುಕೊಳ್ಳುತ್ತಾರೆ.

ಪತ್ರಿಕೆಯವರಿಗೆ, ವಿರೋಧ ಪಕ್ಷದವರಿಗೆ ಪ್ರತಿ ಕಳಿಸುವ ಆಸೆಯಾಗುತ್ತದೆ. ಮೊದಲ ಕಾಗದಕ್ಕೇ ಅದನ್ನು ಮಾಡಬೇಡ. ಮಾಹಿತಿ ಹಕ್ಕಿನ ಅರ್ಜಿಯೂ ಹಾಗೆಯೇ. 2005ರ ಆ ಕಾಯ್ದೆ ನಮಗೆ ಸಿಕ್ಕ ಒಳ್ಳೆಯ ಕತ್ತಿ, ಆದರೆ ಕತ್ತಿಯನ್ನು ಊಟದೆಲೆಯ ಪಕ್ಕ ಇಟ್ಟುಕೊಂಡು ಮಾತಿಗೆ ಕೂರುವುದಿಲ್ಲ. ಎರಡು ನೆನಪೋಲೆಗೂ ಸದ್ದಿಲ್ಲದಿದ್ದರೆ ಆಗ ಬಳಸು. 10 ರೂಪಾಯಿ ಶುಲ್ಕ; ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದದೊಳಗೆ; ಉತ್ತರಕ್ಕೆ 30 ದಿನ. ಅರ್ಜಿ ಹೋಗಬೇಕಾದ್ದು ಶಾಸಕರಿಗಲ್ಲ, ಇಂಜಿನಿಯರ್ ಕಚೇರಿಯ ಮಾಹಿತಿ ಅಧಿಕಾರಿಗೆ. ‘ಏಕೆ ಮಾಡಿಲ್ಲ’ ಎಂದು ಜಗಳ ಕೇಳಬೇಡ. ‘ಶಾಸಕರ ಇಂಥ ಸಂಖ್ಯೆಯ ಪತ್ರದ ಮೇಲೆ ನಡೆದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ’ ಎಂದು ಕೇಳು. ಆ ಹಾಳೆ ನೋಡಿದರೆ ಕಡತ ಯಾರ ಮೇಜಿನಲ್ಲಿ ಮಲಗಿದೆಯೆಂಬುದು ತಾನಾಗಿ ತಿಳಿಯುತ್ತದೆ.

ಒಂದುವೇಳೆ ಆಗುವುದಿಲ್ಲ ಎಂದೇ ಹಿಂಬರಹ ಬಂದರೆ? ಹರಿದು ಹಾಕಬೇಡ. ‘ಅನುದಾನ ಲಭ್ಯವಿಲ್ಲ’ ಎಂದಿದ್ದರೆ ಮುಂದಿನ ವರ್ಷಕ್ಕೆ ಕೇಳಬಹುದು. ‘ಅರಣ್ಯ ಪ್ರದೇಶ’ ಎಂದಿದ್ದರೆ ಅರಣ್ಯ ಇಲಾಖೆಯ ಬಾಗಿಲು ತಟ್ಟಬೇಕು. ಕಾರಣ ಬರೆದ ನಿರಾಕರಣೆಗಿಂತ ಕೆಟ್ಟದ್ದು ಕಾರಣವಿಲ್ಲದ ಮೌನ. ನಿರಾಕರಿಸಿದರೂ ಶಾಸಕರಿಗೆ ಒಂದು ಸಾಲು ಬರಿ: ‘ಹಿಂಬರಹ ತಲುಪಿದೆ, ಪ್ರಯತ್ನಿಸಿದ್ದಕ್ಕೆ ವಂದನೆಗಳು.’ ಕೆಲಸ ಆದಮೇಲೆ ಬರೆಯುವುದನ್ನಂತೂ ಮರೆಯಲೇಬೇಡ. ಹನ್ನೊಂದು ವರ್ಷದ ಟಪಾಲಿನಲ್ಲಿ, ಸಂಕವಾಯಿತು, ಮಕ್ಕಳು ನಡೆಯುತ್ತಿದ್ದಾರೆ ಎಂದು ತಿಳಿಸಿ ಬಂದ ಕಾಗದ ನನ್ನ ಕೈ ದಾಟಿದ್ದು ಒಂದೇ ಒಂದು. ಯಾವ ಶಾಖೆಗೂ ಸೇರದ ಆ ಕಾಗದವನ್ನು ಕಚೇರಿಯವರೆಲ್ಲ ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. ಆಮೇಲೆ ಆ ಊರಿನಿಂದ ಯಾವ ಅರ್ಜಿ ಬಂದರೂ ನಮ್ಮ ಕೈ ತುಸು ಚುರುಕಾಗಿಯೇ ಓಡುತ್ತಿತ್ತು, ಸುಳ್ಳೇಕೆ ಹೇಳಲಿ.

ಇದರ ಜೊತೆ ಒಂದು ಹಳೆಯ ರಟ್ಟಿನ ಫೈಲು ಕಳಿಸಿದ್ದೇನೆ, ಟ್ಯಾಗ್ ಹೊಸದು. ಸೀಲು ಬಿದ್ದ ಪ್ರತಿಯನ್ನು ಅದಕ್ಕೆ ಪೋಣಿಸು. ಒಳಬದಿಯ ರಟ್ಟಿನ ಮೇಲೆ ತಾರೀಕು, ಯಾರಿಗೆ ಕೊಟ್ಟಿದ್ದು, ಏನಂದರು ಎಂದು ಮೂರು ಕಲಂ ಗೆರೆ ಹಾಕಿಟ್ಟಿದ್ದೇನೆ. ನಾಳೆ ನೀನು ಮದುವೆಯಾಗಿ ಬೇರೆ ಊರಿಗೆ ಹೋದರೂ, ಶಾಸಕರು ಬದಲಾದರೂ, ಫೈಲು ಊರಿನಲ್ಲಿರಬೇಕು. ಆ ಮೊದಲ ಕಲಮಿನ ಮೊದಲ ಸಾಲಿನಲ್ಲಿ ನನ್ನ ಕಾಲದ ಆ ಮದುವೆಯ ವರ್ಷವನ್ನು ಬರೆಯೋಣವೆಂದು ಪೆನ್ನು ತೆಗೆದಿದ್ದೆ. ಬರೆಯಲಿಲ್ಲ. ‘ಯಾರಿಗೆ ಕೊಟ್ಟಿದ್ದು’ ಎಂಬ ಎರಡನೇ ಕಲಮಿಗೆ ಹಾಕಲು ನನ್ನಲ್ಲಿ ಏನೂ ಇಲ್ಲ. ಆ ಸಾಲು ನಿನ್ನದು. ಬೆಳಿಗ್ಗೆ ಒಂಬತ್ತೂವರೆ ಬಸ್ಸಿಗೆ ಹೋಗು, ಎರಡು ಪ್ರತಿ ಮರೆಯಬೇಡ.

ನಿನ್ನ
ಮಾವ